ಪೋರ್ನ್ ಮೇಲೆ ತೆರಿಗೆ ಹಾಕಿದರೆ ಕತ್ತರಿ ಬೀಳುವುದು ಯಾರ ಜೇಬಿಗೆ?

ಸಿಗರೇಟಿಗೆ ತೆರಿಗೆ ಇದೆ. ಮದ್ಯಕ್ಕೆ ಇದೆ. ಜೂಜಿಗೂ ಇದೆ. ಹಾಗಿದ್ದ ಮೇಲೆ ಪೋರ್ನ್‌ಗೆ ಯಾಕೆ ಬೇಡ? ಈ ಪ್ರಶ್ನೆ ಕೇಳಿದ ತಕ್ಷಣ "ಹೌದಲ್ವಾ" ಅನ್ನಿಸುತ್ತದೆ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಕೆಡುಕು ಮಾಡುವ ಸರಕನ್ನು ಮಾರುವವರು ನಾಲ್ಕು ಕಾಸು ಜಾಸ್ತಿ ಕಟ್ಟಲಿ, ಆ ದುಡ್ಡು ಒಳ್ಳೆಯ ಕೆಲಸಕ್ಕೆ ಹೋಗಲಿ, ಇದರಲ್ಲಿ ತಪ್ಪೇನು?

ಆದರೆ ಇಲ್ಲಿ ದುಡ್ಡು ಯಾರ ಕೈಯಿಂದ ಹೊರಡುತ್ತದೆ, ಎಲ್ಲಿ ಹಾದು ಯಾರ ಕೈ ಸೇರುತ್ತದೆ ಅಂತ ಹೆಜ್ಜೆ ಹಿಡಿದು ನೋಡಿದಾಗ ಬೇರೆಯೇ ಚಿತ್ರ ಕಾಣುತ್ತದೆ. ನಾವು ಯಾರನ್ನು ಕಾಪಾಡಬೇಕು ಅಂದುಕೊಂಡಿದ್ದೇವೋ ಅವರ ಹತ್ತಿರ ಈ ತೆರಿಗೆ ಹೋಗುವುದೇ ಇಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲಿಗೆ, ಇದು ಹೊಸ ಆಲೋಚನೆ ಏನಲ್ಲ. ಅಮೆರಿಕದ ಅಲಬಾಮಾ ರಾಜ್ಯ 2025ರಲ್ಲಿ ಪೋರ್ನ್ ವ್ಯವಹಾರದ ಒಟ್ಟು ಗಳಿಕೆಯ ಮೇಲೆ 10% ತೆರಿಗೆ ಹಾಕಿತು. ಇಟಲಿಯಲ್ಲಿ ಪೋರ್ನ್ ತಯಾರಿಸುವವರ, ಹಂಚುವವರ, ಮಾರುವವರ ಆದಾಯದ ಮೇಲೆ ಮಾಮೂಲಿ ತೆರಿಗೆಯ ಜೊತೆಗೆ ಇನ್ನೂ 25% ಹೆಚ್ಚುವರಿ ತೆರಿಗೆ ಇದೆ. 2005ರ ಕೊನೆಯಲ್ಲಿ ಬಂದ ಕಾನೂನು ಅದು. ಜನ ಅದನ್ನು 'ನೀತಿ ತೆರಿಗೆ' ಅಂತಲೂ ಕರೆಯುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 2008ರಲ್ಲಿ ಒಬ್ಬ ಶಾಸಕರು 25% ತೆರಿಗೆಯ ಮಸೂದೆ ತಂದಿದ್ದರು, ಅದು ಪಾಸಾಗಲಿಲ್ಲ. ರೋಡ್ ಐಲೆಂಡ್‌ನಲ್ಲಿ 2018ರಲ್ಲಿ ಬಂದ ಮಸೂದೆ ಇನ್ನೂ ವಿಚಿತ್ರ. ಇಂಟರ್ನೆಟ್ ಕಂಪನಿಗಳು ಪೋರ್ನ್ ಅನ್ನು ಮೊದಲೇ ತಡೆದಿಡಬೇಕು, ಬೇಕು ಅನ್ನುವ ವಯಸ್ಕರು ಒಂದು ಸಲ 20 ಡಾಲರ್ ಕಟ್ಟಿ ಬಿಡಿಸಿಕೊಳ್ಳಬೇಕು ಅನ್ನುವುದು ಅದರ ಸಾರ. ಅದೂ ಮುಂದೆ ಹೋಗಲಿಲ್ಲ.

ಇವೆಲ್ಲಕ್ಕಿಂತ ನನಗೆ ಜಾಸ್ತಿ ಪಾಠ ಕಲಿಸಿದ್ದು ಫ್ರಾನ್ಸಿನ ಕತೆ. 1970ರ ದಶಕದ ನಡುವಿನಲ್ಲಿ ಅಲ್ಲಿನ ಥಿಯೇಟರ್‌ಗಳಲ್ಲಿ ಪೋರ್ನ್ ಸಿನಿಮಾಗಳು ಬಹಿರಂಗವಾಗಿ ಓಡುತ್ತಿದ್ದವು. 1975ರ ಡಿಸೆಂಬರ್‌ನಲ್ಲಿ ಸರ್ಕಾರ ಇವುಗಳಿಗೆ 'ಎಕ್ಸ್' ಅನ್ನುವ ಬೇರೆ ವರ್ಗವನ್ನೇ ಮಾಡಿತು. ನಿಷೇಧ ಹಾಕಲಿಲ್ಲ. ಅದರ ಬದಲು ಟಿಕೆಟ್ ಮೇಲಿನ ವ್ಯಾಟ್ ಏರಿಸಿತು, ಲಾಭದ ಮೇಲೆ ವಿಶೇಷ ಸುಂಕ ಹಾಕಿತು, ಸಿನಿಮಾಗಳಿಗೆ ಕೊಡುವ ನೆರವನ್ನು ಇವಕ್ಕೆ ನಿಲ್ಲಿಸಿತು, ಇವನ್ನು ಪ್ರತ್ಯೇಕ ಥಿಯೇಟರ್‌ಗಳಲ್ಲಿ ಮಾತ್ರ ತೋರಿಸಬೇಕು ಅಂದಿತು. ಏಟು ಸರಿಯಾಗಿಯೇ ಬಿತ್ತು. ಥಿಯೇಟರ್‌ಗೆ ಒಂದು ಬಾಗಿಲು ಇರುತ್ತದೆ, ಟಿಕೆಟ್ ಕೌಂಟರ್ ಇರುತ್ತದೆ, ಎಷ್ಟು ಟಿಕೆಟ್ ಹರಿದರು ಅನ್ನುವ ಲೆಕ್ಕದ ಪುಸ್ತಕ ಇರುತ್ತದೆ. ತೆರಿಗೆ ಅಧಿಕಾರಿ ಹೋಗಿ ನಿಲ್ಲಲು ಒಂದು ಜಾಗ ಇತ್ತು. ಥಿಯೇಟರ್‌ಗಳು ಒಂದೊಂದಾಗಿ ಮುಚ್ಚುತ್ತಾ ಹೋದವು. ಪ್ಯಾರಿಸ್‌ನಲ್ಲಿ ಕೊನೆಗೆ ಉಳಿದಿದ್ದ ಬೆವರ್ಲಿ ಕೂಡ 2019ರಲ್ಲಿ ಬಾಗಿಲು ಹಾಕಿತು.

ಹಾಗಂತ ನೋಡುವವರೇನು ಕಡಿಮೆಯಾಗಲಿಲ್ಲ. ವಿಡಿಯೊ ಕ್ಯಾಸೆಟ್ ಬಂತು, ಎಲ್ಲರೂ ಮನೆಗೆ ಹೋದರು. ಆಮೇಲೆ ಇಂಟರ್ನೆಟ್ ಬಂತು. ತೆರಿಗೆ ಸೋಲಿಸಿದ್ದು ಥಿಯೇಟರನ್ನು, ಪೋರ್ನ್ ಅನ್ನು ಅಲ್ಲ.

ಇಂಥ ತೆರಿಗೆಯ ಹಿಂದಿನ ಅರ್ಥಶಾಸ್ತ್ರ ಸರಳವೇ. 1920ರಲ್ಲಿ ಕೇಂಬ್ರಿಡ್ಜ್‌ನ ಆರ್ಥರ್ ಪಿಗು ಅನ್ನುವ ಅರ್ಥಶಾಸ್ತ್ರಜ್ಞ ಇದನ್ನು ಬಿಡಿಸಿ ಹೇಳಿದ್ದ. ಒಂದು ಸರಕಿನಿಂದ ಮೂರನೆಯವರಿಗೆ ತೊಂದರೆ ಆಗುತ್ತಿದೆ, ಆದರೆ ಆ ತೊಂದರೆಯ ಖರ್ಚು ಸರಕಿನ ಬೆಲೆಯಲ್ಲಿ ಸೇರಿಲ್ಲ ಅಂದರೆ, ತೆರಿಗೆಯ ಮೂಲಕ ಅದನ್ನು ಬೆಲೆಗೆ ಸೇರಿಸಿ. ಬೆಲೆ ಏರುತ್ತದೆ, ಬಳಕೆ ಇಳಿಯುತ್ತದೆ. ಸಿಗರೇಟಿನಲ್ಲಿ ಇದು ಚೆನ್ನಾಗಿ ಕೆಲಸ ಮಾಡಿದೆ. ಸಕ್ಕರೆ ಪಾನೀಯದಲ್ಲಿ ಇನ್ನೂ ಚೆಂದದ ಉದಾಹರಣೆ ಸಿಗುತ್ತದೆ. ಬ್ರಿಟನ್ 2018ರ ಏಪ್ರಿಲ್‌ನಲ್ಲಿ ತಂಪು ಪಾನೀಯಗಳ ಮೇಲೆ ಸುಂಕ ಹಾಕಿತು. 100 ಮಿಲಿಲೀಟರಿಗೆ 5 ಗ್ರಾಂ ಸಕ್ಕರೆ ಮುಟ್ಟಿದರೆ ಒಂದು ದರ, 8 ಗ್ರಾಂ ಮುಟ್ಟಿದರೆ ಅದಕ್ಕಿಂತ ಜಾಸ್ತಿ. ಎಷ್ಟೋ ಕಂಪನಿಗಳು ಸುಂಕ ಜಾರಿಗೆ ಬರುವ ಮುಂಚೆಯೇ ಸಕ್ಕರೆ ಇಳಿಸಿಬಿಟ್ಟವು. ತೆರಿಗೆ ಕಟ್ಟುವುದಕ್ಕಿಂತ ಪಾಕ ಬದಲಿಸುವುದೇ ಅಗ್ಗವಾಗಿತ್ತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಸಕ್ಕರೆಯನ್ನು ಗ್ರಾಂನಲ್ಲಿ ಅಳೆಯಬಹುದು. ಪ್ರತಿ ಬಾಟಲಿಗೂ ಬೆಲೆ ಇದೆ. ಅದೇ ಪಾನೀಯ ಪಕ್ಕದಲ್ಲೇ ಪುಕ್ಕಟೆ ಸಿಗುವುದಿಲ್ಲ. ಪೋರ್ನ್‌ನಲ್ಲಿ ಈ ಮೂರೂ ಇಲ್ಲ. ಅದರಲ್ಲೂ ಬೆಲೆ ಇಲ್ಲದಿರುವುದೇ ದೊಡ್ಡ ತೊಡಕು. 2007ರಲ್ಲಿ ಶುರುವಾದ ಪೋರ್ನ್‌ಹಬ್‌ನಂಥ ತಾಣಗಳು ಬಂದ ಮೇಲೆ ನೋಡುವವರಲ್ಲಿ ಬಹುಪಾಲು ಜನ ಒಂದು ಕಾಸೂ ಕೊಡುವುದಿಲ್ಲ. ಸೊನ್ನೆಗೆ ಎಷ್ಟು ಪರ್ಸೆಂಟ್ ತೆರಿಗೆ ಹಾಕಿದರೂ ಸೊನ್ನೆಯೇ.

ಸುಮ್ನೆ ಒಂದು ಲೆಕ್ಕ ಹಾಕಿ ನೋಡೋಣ. ಓನ್ಲಿಫ್ಯಾನ್ಸ್‌ನಂಥ ತಾಣದಲ್ಲಿ ಒಬ್ಬ ಮಹಿಳೆ ತನ್ನದೇ ವಿಡಿಯೊಗಳನ್ನು ಹಾಕುತ್ತಾಳೆ ಅಂದುಕೊಳ್ಳಿ. ತಿಂಗಳ ಚಂದಾ 10 ಡಾಲರ್. ಅದರಲ್ಲಿ ತಾಣ 20% ಕಮಿಷನ್ ಹಿಡಿದುಕೊಳ್ಳುತ್ತದೆ, ಅಂದರೆ 2 ಡಾಲರ್. ಉಳಿದ 8 ಅವಳಿಗೆ. ಈಗ ಒಟ್ಟು ಗಳಿಕೆಯ ಮೇಲೆ 10% ವಿಶೇಷ ತೆರಿಗೆ ಬಂತು, 1 ಡಾಲರ್ ಸರ್ಕಾರಕ್ಕೆ. ಚಂದಾವನ್ನು 11 ಡಾಲರ್ ಮಾಡಿದರೆ ಒಂದಷ್ಟು ಚಂದಾದಾರರು ಬಿಟ್ಟು ಹೋಗುತ್ತಾರೆ. ಎಲ್ಲಿಗೆ? ಪುಕ್ಕಟೆ ತಾಣಕ್ಕೆ. ಆ ಹೆದರಿಕೆಗೆ ಚಂದಾವನ್ನು 10ಕ್ಕೇ ಉಳಿಸಿಕೊಂಡರೆ ಮೊದಲು ತೆರಿಗೆ ಕಳೆದು 9 ಡಾಲರ್ ಹಂಚಿಕೊಳ್ಳಬೇಕು. ತಾಣಕ್ಕೆ 1.80, ಅವಳಿಗೆ 7.20. ಅಂದರೆ ತೆರಿಗೆಯ ಒಂದು ಡಾಲರ್‌ನಲ್ಲಿ 80 ಸೆಂಟ್ ಅವಳ ಜೇಬಿನಿಂದ ಹೋಯಿತು, 20 ಸೆಂಟ್ ತಾಣದಿಂದ. ಅವಳು ಇನ್ನು ಆದಾಯ ತೆರಿಗೆಯನ್ನೂ ಕಟ್ಟಬೇಕು.

ಪಕ್ಕದಲ್ಲಿ ಇನ್ನೊಬ್ಬ ಇದ್ದಾನೆ. ಯಾರದೋ ವಿಡಿಯೊವನ್ನು ಅವರಿಗೆ ಹೇಳದೆ ಕೇಳದೆ ಪುಕ್ಕಟೆ ತಾಣಕ್ಕೆ ಏರಿಸಿದ್ದಾನೆ. ಅದನ್ನು ಸಾವಿರಾರು ಜನ ನೋಡುತ್ತಾರೆ, ಯಾರೂ ದುಡ್ಡು ಕೊಡುವುದಿಲ್ಲ. ಇವನಿಗೆ ತಗಲುವ ತೆರಿಗೆ ಎಷ್ಟು? ಏನೂ ಇಲ್ಲ. ತನ್ನ ಒಪ್ಪಿಗೆಯಿಂದ, ತನ್ನ ಹೆಸರಿನಲ್ಲಿ, ಲೆಕ್ಕ ಇಟ್ಟು ದುಡಿಯುವವಳಿಗೆ ಕತ್ತರಿ. ಕದ್ದು ಹಾಕಿದವನಿಗೆ ಬಿಡುಗಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು.

ಮಕ್ಕಳ ವಿಷಯಕ್ಕೆ ಬನ್ನಿ. ಇಂಥ ತೆರಿಗೆಯ ಪರವಾಗಿ ಮಾತಾಡುವವರು ಮೊದಲು ಹೇಳುವುದು ಮಕ್ಕಳ ಮಾತು. ಆ ಕಳವಳ ನಿಜವಾದದ್ದು, ನನಗೂ ಇದೆ. ಆದರೆ 13 ವರ್ಷದ ಹುಡುಗನ ಹತ್ತಿರ ಕ್ರೆಡಿಟ್ ಕಾರ್ಡ್ ಇರುವುದಿಲ್ಲ. ಅವನು ಚಂದಾದಾರನಲ್ಲ. ಅವನು ನೋಡುವುದೆಲ್ಲ ಪುಕ್ಕಟೆಯದ್ದೇ. ತೆರಿಗೆಯ ದರ 10% ಇರಲಿ, 50% ಇರಲಿ, ಅವನ ಫೋನ್ ಪರದೆಯ ಮೇಲೆ ಏನೂ ಬದಲಾಗುವುದಿಲ್ಲ. ದುಡ್ಡು ಕೊಡುವ ತಾಣಗಳು ದುಬಾರಿಯಾದಷ್ಟೂ ಜನ ಪುಕ್ಕಟೆ ತಾಣಕ್ಕೇ ಹೋಗುತ್ತಾರೆ. ಕಾರ್ಡ್ ಕೇಳುವ ಬಾಗಿಲು ಮಕ್ಕಳನ್ನು ಸ್ವಲ್ಪವಾದರೂ ತಡೆಯುತ್ತಿತ್ತು. ಏನನ್ನೂ ಕೇಳದ ಬಾಗಿಲಿಗೆ ನಾವೇ ಗಿರಾಕಿ ಕಳಿಸಿದಂತಾಗುತ್ತದೆ.

ಹಾಗಾದರೆ ಪುಕ್ಕಟೆ ತಾಣಗಳ ಜಾಹೀರಾತು ಆದಾಯಕ್ಕೆ ತೆರಿಗೆ ಹಾಕಬಹುದಲ್ಲ? ಹಾಕಬಹುದು. ಕಂಪನಿಯ ಲಾಭ ಸ್ವಲ್ಪ ಇಳಿಯುತ್ತದೆ. ಆದರೆ ನೋಡುವವನಿಗೆ ಗೊತ್ತೂ ಆಗುವುದಿಲ್ಲ, ಹಾಗಾಗಿ ಬಳಕೆ ಇಳಿಯುವುದಿಲ್ಲ. ಮೇಲಾಗಿ ಪೋರ್ನ್‌ಹಬ್ ನಡೆಸುವ ಐಲೋ ಕಂಪನಿಯ ಮುಖ್ಯ ಕಚೇರಿ ಕೆನಡಾದ ಮಾಂಟ್ರಿಯಲ್‌ನಲ್ಲಿದೆ, ನೋಡುವವರು ಪ್ರಪಂಚದ ತುಂಬ ಇದ್ದಾರೆ. ದೊಡ್ಡ ಕಂಪನಿಯನ್ನಾದರೂ ಹೇಗೋ ಹಿಡಿಯಬಹುದು. ಹೆಸರೂ ವಿಳಾಸವೂ ಇಲ್ಲದ ನೂರಾರು ಸಣ್ಣ ತಾಣಗಳನ್ನು ಹಿಡಿಯುವವರು ಯಾರು?

ಇದರ ಜೊತೆಗೆ ವಿಪಿಎನ್ ಇದೆ, ಅಂದರೆ ನೀವು ಎಲ್ಲಿ ಕೂತು ನೋಡುತ್ತಿದ್ದೀರಿ ಅನ್ನುವುದನ್ನು ತಾಣಕ್ಕೆ ಗೊತ್ತಾಗದಂತೆ ಮರೆಮಾಚುವ ಸೇವೆ. 2025ರ ಜುಲೈ 25ರಿಂದ ಬ್ರಿಟನ್‌ನಲ್ಲಿ ಪೋರ್ನ್ ತಾಣಗಳು ನೋಡುವವರ ವಯಸ್ಸನ್ನು ಪರಿಶೀಲಿಸಲೇಬೇಕು. ಆ ನಿಯಮ ಬಂದ ಕೂಡಲೇ ಅಲ್ಲಿಂದ ತಮ್ಮಲ್ಲಿ ನೋಂದಣಿ 1,400%ಗಿಂತ ಜಾಸ್ತಿ ಏರಿತು ಅಂತ ಪ್ರೋಟಾನ್ ವಿಪಿಎನ್ ಅನ್ನುವ ಕಂಪನಿ ಹೇಳಿತು. ಸರ್ಕಾರ ಚಾಪೆ ಕೆಳಗೆ ತೂರಿದರೆ ಜನ ರಂಗೋಲಿ ಕೆಳಗೆ ತೂರುತ್ತಾರೆ. ವಯಸ್ಸಿನ ಪರಿಶೀಲನೆಗೆ ಇದನ್ನು ಮೀರಿ ಒಂದಷ್ಟು ಪ್ರಯೋಜನ ಇರಬಹುದು, ಎಲ್ಲ ಮಕ್ಕಳೂ ವಿಪಿಎನ್ ಹಾಕಿಕೊಳ್ಳುವುದಿಲ್ಲ. ಆದರೆ ನೋಡುವವರು ಯಾವ ರಾಜ್ಯದಲ್ಲಿ ಕೂತಿದ್ದಾರೆ ಅನ್ನುವುದರ ಮೇಲೆ ನಿಂತ ತೆರಿಗೆಗೆ ಇದು ಬುಡಕ್ಕೇ ಪೆಟ್ಟು.

ಇಷ್ಟು ಹೇಳಿದ ಮೇಲೆ "ಹಾಗಾದರೆ ಇವರು ತೆರಿಗೆಯೇ ಕಟ್ಟಬಾರದೇ?" ಅಂತ ಕೇಳಬಹುದು. ಕಟ್ಟಬೇಕು. ಎಲ್ಲರಂತೆ, ಪೂರ್ತಿ ಕಟ್ಟಬೇಕು. ಮಾಮೂಲಿ ತೆರಿಗೆಯನ್ನು ಸರಿಯಾಗಿ ಹಿಡಿದರೆ ಎಷ್ಟು ಸಿಗುತ್ತದೆ ಅಂತ ತೋರಿಸಲು ನನ್ನ ಕಣ್ಣಿಗೆ ಎದ್ದು ಕಾಣುವ ಉದಾಹರಣೆ ಒಂದು ಕೋರ್ಟ್ ಕೇಸು.

ಓನ್ಲಿಫ್ಯಾನ್ಸ್ ನಡೆಸುವುದು ಫೆನಿಕ್ಸ್ ಇಂಟರ್‌ನ್ಯಾಷನಲ್ ಅನ್ನುವ ಬ್ರಿಟಿಷ್ ಕಂಪನಿ. ಅದರ ವಾದ ಹೀಗಿತ್ತು: "ನಾವು ಬರೀ ಮಧ್ಯವರ್ತಿ. ನಮ್ಮ ಆದಾಯ ಆ 20% ಕಮಿಷನ್ ಮಾತ್ರ. ವ್ಯಾಟ್ ಕಟ್ಟುವುದೂ ಅದರ ಮೇಲೆ ಮಾತ್ರ." ಬ್ರಿಟನ್ನಿನ ತೆರಿಗೆ ಇಲಾಖೆ ಒಪ್ಪಲಿಲ್ಲ. ಗಿರಾಕಿಯ ದುಡ್ಡು ನಿಮ್ಮ ಕೈಗೆ ಬರುತ್ತದೆ, ಷರತ್ತು ಬರೆಯುವವರು ನೀವು, ಹಾಗಾಗಿ ಕಾನೂನಿನ ಕಣ್ಣಿಗೆ ಮಾರುವವರೂ ನೀವೇ, ಪೂರ್ತಿ 100ರ ಮೇಲೆ ಕಟ್ಟಿ ಅಂದಿತು. ಜಗಳ ಐರೋಪ್ಯ ಒಕ್ಕೂಟದ ನ್ಯಾಯಾಲಯದವರೆಗೆ ಹೋಯಿತು. ಇಲಾಖೆ ಆಧಾರವಾಗಿ ಹಿಡಿದಿದ್ದ ಒಕ್ಕೂಟದ ನಿಯಮ ಸಿಂಧುವೇ ಅಂತ 2023ರ ಫೆಬ್ರವರಿ 28ರಂದು ತೀರ್ಪು ಬಂತು. 20ರ ಬದಲು 100, ಅಂದರೆ ತೆರಿಗೆ ಬೀಳುವ ಮೊತ್ತ ಐದು ಪಟ್ಟು. ಆ ತಾಣದಲ್ಲಿ ಗ್ರಾಹಕರು 2023ರ ನವೆಂಬರ್‌ಗೆ ಮುಗಿದ ವರ್ಷದಲ್ಲಿ ಖರ್ಚು ಮಾಡಿದ್ದು ಸುಮಾರು 660 ಕೋಟಿ ಡಾಲರ್. ಇದರಲ್ಲಿ ಪಾಪದ ಮಾತು ಬರಲಿಲ್ಲ. ಯಾವುದು ಪೋರ್ನ್, ಯಾವುದು ಅಲ್ಲ ಅಂತ ಯಾರೂ ತೀರ್ಮಾನಿಸಬೇಕಾಗಿ ಬರಲಿಲ್ಲ. ಸಂಗೀತದ ಆ್ಯಪ್ ಆಗಿದ್ದರೂ ಅದೇ ನಿಯಮವೇ.

ಈ ಕೊನೆಯ ಮಾತು ಸಣ್ಣದಲ್ಲ. ವಿಶೇಷ ತೆರಿಗೆ ಹಾಕಬೇಕಾದರೆ ಯಾವುದಕ್ಕೆ ಹಾಕುತ್ತೇವೆ ಅಂತ ಬರೆದಿಡಬೇಕು. ಇಟಲಿ 2005ರಲ್ಲಿ ಕಾನೂನು ಮಾಡಿತು, ಆದರೆ ಯಾವುದನ್ನು ಪೋರ್ನ್ ಅನ್ನಬೇಕು ಅನ್ನುವ ಸರ್ಕಾರಿ ವ್ಯಾಖ್ಯೆ ಹೊರಬಂದದ್ದು 2009ರಲ್ಲಿ. ಅಷ್ಟು ಕಾಲ ಹಿಡಿದದ್ದಕ್ಕೆ ನಾನು ಅವರನ್ನು ದೂರುವುದಿಲ್ಲ, ಕೆಲಸವೇ ಅಷ್ಟು ಕಷ್ಟದ್ದು. ಲೈಂಗಿಕ ಶಿಕ್ಷಣದ ವಿಡಿಯೊ, ಬೆತ್ತಲೆ ದೇಹದ ಕಲಾಕೃತಿ, ಸಲಿಂಗಿಗಳ ಬದುಕಿನ ಬಗ್ಗೆ ಬಿಚ್ಚಿ ಹೇಳುವ ಸಿನಿಮಾ, ಇವೆಲ್ಲ ಗೆರೆಯ ಯಾವ ಕಡೆಗೆ? ಗೆರೆ ಎಳೆಯುವವರಿಗೆ ಇಷ್ಟವಾಗದ್ದು ಮೊದಲು ಆ ಕಡೆಗೆ ಬೀಳುತ್ತದೆ. ಅದೂ ನಿಷೇಧದ ಹೆಸರಿನಲ್ಲಲ್ಲ, ತೆರಿಗೆ ನೋಟಿಸಿನ ರೂಪದಲ್ಲಿ.

ಅಮೆರಿಕದ ಕೋರ್ಟುಗಳು ಈ ಬಗ್ಗೆ ಎಚ್ಚರವಾಗಿರುವುದಕ್ಕೆ ಹಳೆಯ ಕಾರಣವಿದೆ. 1934ರಲ್ಲಿ ಲೂಸಿಯಾನಾ ರಾಜ್ಯ ವಾರಕ್ಕೆ 20,000 ಪ್ರತಿಗಿಂತ ಜಾಸ್ತಿ ಮಾರಾಟವಾಗುವ ಪತ್ರಿಕೆಗಳ ಜಾಹೀರಾತು ಆದಾಯದ ಮೇಲೆ 2% ತೆರಿಗೆ ಹಾಕಿತು. ನೋಡುವುದಕ್ಕೆ ಸಾದಾ ತೆರಿಗೆ. ಅದರ ಹಿಡಿತಕ್ಕೆ ಬಂದದ್ದು 13 ಪತ್ರಿಕೆಗಳು, ಅವುಗಳಲ್ಲಿ 12 ಅಲ್ಲಿನ ನಾಯಕ ಹ್ಯೂಯಿ ಲಾಂಗ್‌ನನ್ನು ಟೀಕಿಸುತ್ತಿದ್ದವು! 1936ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ರದ್ದು ಮಾಡಿತು. ಮಿನೆಸೋಟ ರಾಜ್ಯ ಪತ್ರಿಕೆಗಳ ಕಾಗದ ಮತ್ತು ಶಾಯಿಯ ಮೇಲೆ ಹಾಕಿದ್ದ ತೆರಿಗೆಯೂ 1983ರಲ್ಲಿ ಅದೇ ಕೋರ್ಟಿನಲ್ಲಿ ಬಿದ್ದುಹೋಯಿತು. ಪತ್ರಿಕೆಗೂ ಪೋರ್ನ್‌ಗೂ ಎಲ್ಲಿಂದೆಲ್ಲಿಯ ಸಂಬಂಧ ಅನ್ನಿಸಬಹುದು. ಆದರೆ ಒಳಗೆ ಏನಿದೆ ಅಂತ ನೋಡಿ ದರ ನಿಗದಿ ಮಾಡುವ ಅಧಿಕಾರ ಒಮ್ಮೆ ಕೊಟ್ಟರೆ, ಅದು ಒಂದೇ ವಿಷಯಕ್ಕೆ ನಿಲ್ಲುತ್ತದೆ ಅನ್ನುವ ಖಾತರಿ ಯಾರು ಕೊಡುತ್ತಾರೆ? ಒಪ್ಪಿಗೆ ಇರುವ ವಯಸ್ಕರ ಪೋರ್ನ್‌ನಲ್ಲಿ ಬಹಳಷ್ಟಕ್ಕೆ ಅಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆ ಇದೆ. 2025ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಟೆಕ್ಸಾಸ್‌ನ ವಯಸ್ಸು ಪರಿಶೀಲನೆ ಕಾನೂನನ್ನು ಎತ್ತಿಹಿಡಿದಿದೆ ನಿಜ. ಅದು ಮಕ್ಕಳನ್ನು ಬಾಗಿಲಲ್ಲಿ ತಡೆಯುವ ವಿಷಯ. ತೆರಿಗೆಯ ಪ್ರಶ್ನೆ ಅಲ್ಲಿ ಬಂದಿರಲಿಲ್ಲ.

ಕೋರ್ಟಿನಲ್ಲಿ ಗೆದ್ದ ತೆರಿಗೆಯೂ ಒಂದಿದೆ. ಟೆಕ್ಸಾಸ್ 2007ರಲ್ಲಿ ಬೆತ್ತಲೆ ನೃತ್ಯದ ಕ್ಲಬ್‌ಗಳಿಗೆ ಬರುವ ಪ್ರತಿ ಗಿರಾಕಿಗೆ 5 ಡಾಲರ್ ಅಂತ ನಿಗದಿ ಮಾಡಿತು. 2011ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು, ಯಾಕೆಂದರೆ ಮದ್ಯ ಕುಡಿಯಲು ಬಿಡುವ ಕ್ಲಬ್‌ಗಳಿಗೆ ಮಾತ್ರ ಆ ಶುಲ್ಕ. ನೃತ್ಯ ಏನು ಹೇಳುತ್ತದೆ ಅನ್ನುವುದಕ್ಕಲ್ಲ, ಕುಡಿತವೂ ಬೆತ್ತಲೆ ನೃತ್ಯವೂ ಒಂದೆಡೆ ಸೇರಿದಾಗ ಆಗುವ ಅನಾಹುತಕ್ಕೆ ಅಂತ ವಾದ. ಮತ್ತೆ ಅದೇ ಮಾತು ನೋಡಿ, ಅಲ್ಲಿ ಬಾಗಿಲಿತ್ತು, ತಲೆ ಎಣಿಸಬಹುದಿತ್ತು.

ಆ 5 ಡಾಲರ್‌ನಲ್ಲಿ ಒಂದು ಪಾಲು ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ನೆರವಿಗೆ ಅಂತ ಇಟ್ಟಿದ್ದರು. ಇಲಿನಾಯ್ 2012ರಲ್ಲಿ ತಂದ 3 ಡಾಲರ್ ಶುಲ್ಕವೂ ಹಾಗೆಯೇ. ಇದು ಮನಸ್ಸಿಗೆ ಹಿತವಾಗಿ ಕೇಳುತ್ತದೆ. ನನಗೆ ಮಾತ್ರ ಕಸಿವಿಸಿ. ನೊಂದ ಹೆಣ್ಣುಮಗಳೊಬ್ಬಳ ಆಪ್ತಸಲಹೆಗೆ ಈ ತಿಂಗಳು ದುಡ್ಡಿದೆಯೇ ಇಲ್ಲವೇ ಅನ್ನುವುದು ಕ್ಲಬ್‌ಗೆ ಎಷ್ಟು ಜನ ಬಂದರು ಅನ್ನುವುದರ ಮೇಲೆ ನಿಲ್ಲಬೇಕೇ? ಅದು ಬೊಕ್ಕಸದಿಂದ, ಹಕ್ಕಿನಂತೆ ಬರಬೇಕಾದ ದುಡ್ಡು. ಇನ್ನೊಂದು ಕಡೆಯಿಂದಲೂ ಇದು ತೊಡಕೇ. ತೆರಿಗೆ ಗೆದ್ದು ಬಳಕೆ ಇಳಿದರೆ ಆದಾಯ ಬತ್ತುತ್ತದೆ. ಆದಾಯ ತುಂಬಿ ಬರಬೇಕಾದರೆ ಜನ ನೋಡುತ್ತಲೇ ಇರಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂದರೆ ಆಗುತ್ತದೆಯೇ? ಒಮ್ಮೆ ಸರ್ಕಾರಕ್ಕೆ ಪಾಲು ಸಿಕ್ಕಿತು ಅಂದರೆ, ಆ ಪಾಲು ಕಡಿಮೆಯಾಗುವ ಕಾನೂನು ತರಲು ಕೈ ಏಳುವುದಿಲ್ಲ.

ಹಾನಿಯ ಬಗ್ಗೆಯೂ ನೇರವಾಗಿ ಹೇಳಬೇಕು. ಪೋರ್ನ್‌ನಿಂದ ಯಾರಿಗೂ ಏನೂ ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಬಿಡಲಾಗದೆ ಒದ್ದಾಡುವವರು ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲಿ, ಹತೋಟಿ ತಪ್ಪಿದ ಲೈಂಗಿಕ ನಡವಳಿಕೆ ಒಂದು ಕಾಯಿಲೆಯಾಗಿ ಸೇರಿದೆ. ಅದನ್ನು ಇಟ್ಟಿರುವುದು ಚಟಗಳ ಗುಂಪಿನಲ್ಲಲ್ಲ, ಮನಸ್ಸಿನ ಸೆಳೆತವನ್ನು ತಡೆಯಲಾಗದ ತೊಂದರೆಗಳ ಗುಂಪಿನಲ್ಲಿ. ಇಂಥವರಿಗೆ ಬೇಕಾದದ್ದು ಚಿಕಿತ್ಸೆ. ಆದರೆ ಒಂದು ಸಿಗರೇಟು ಶ್ವಾಸಕೋಶಕ್ಕೆ ಏನು ಮಾಡುತ್ತದೆ ಅಂತ ಹೇಳಿದ ಹಾಗೆ ಒಂದು ವಿಡಿಯೊ ಇಷ್ಟು ಹಾನಿ ಮಾಡುತ್ತದೆ ಅಂತ ಹೇಳಲು ಬರುವುದಿಲ್ಲ. ಅಳತೆಯೇ ಇಲ್ಲದ ಮೇಲೆ ದರ ಎಷ್ಟು ಅಂತ ಯಾವ ಲೆಕ್ಕದಲ್ಲಿ ಇಡುತ್ತೀರಿ?

ಯಾರೂ ಅಲ್ಲಗಳೆಯಲಾಗದ ಹಾನಿ ಇನ್ನೊಂದಿದೆ. ಒಪ್ಪಿಗೆ ಇಲ್ಲದೆ ಹಂಚಿದ ವಿಡಿಯೊ, ಮಕ್ಕಳನ್ನು ಬಳಸಿದ ವಿಡಿಯೊ. ಇವು ಅಪರಾಧ. ಅಪರಾಧಕ್ಕೆ ತೆರಿಗೆ ಹಾಕುವುದು ಅಂದರೆ ಅದಕ್ಕೆ ಪರವಾನಗಿ ಕೊಟ್ಟ ಹಾಗೆ. ಇಲ್ಲಿ ನಿಜವಾಗಿ ಕೆಲಸ ಮಾಡಿದ್ದು ಏನು ಅಂತ 2020ರ ಡಿಸೆಂಬರ್ ತೋರಿಸಿಕೊಟ್ಟಿತು. ಪೋರ್ನ್‌ಹಬ್‌ನಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ, ಒಪ್ಪಿಗೆ ಇಲ್ಲದ ವಿಡಿಯೊಗಳಿವೆ ಅಂತ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರಹ ಬಂತು. ಕೆಲವೇ ದಿನಗಳಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಆ ತಾಣದ ಪಾವತಿಗಳನ್ನು ನಿಲ್ಲಿಸಿದವು. ಹಾಕಿದವರು ಯಾರು ಅಂತ ಪರಿಶೀಲಿಸದ ವಿಡಿಯೊಗಳನ್ನೆಲ್ಲ ತಾಣ ತೆಗೆದುಹಾಕಿತು, ಸುಮಾರು ಒಂದು ಕೋಟಿ ವಿಡಿಯೊ. ಯಾರು ಹಾಕುತ್ತಿದ್ದಾರೆ ಅನ್ನುವ ಒಂದೇ ಪ್ರಶ್ನೆಗೆ ಅಷ್ಟೊಂದು ವಿಡಿಯೊಗಳ ಹತ್ತಿರ ಉತ್ತರ ಇರಲಿಲ್ಲ! ಆ ಪ್ರಶ್ನೆಯನ್ನು ಕೇಳಬೇಕಾಗಿದ್ದದ್ದು ಕಾನೂನು. ಕೇಳಿದ್ದು ಕಾರ್ಡ್ ಕಂಪನಿಗಳು. ಅದೂ ನನಗೆ ಸಮಾಧಾನ ತರುವ ವಿಷಯವಲ್ಲ, ಯಾಕೆಂದರೆ ಅವರಿಗೆ ಯಾರೂ ಓಟು ಹಾಕಿಲ್ಲ. ನಿಯಮ ಪಾಲಿಸಿ ದುಡಿಯುತ್ತಿದ್ದವರ ಆದಾಯವೂ ಆಗ ನಿಂತುಹೋಯಿತು.

ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ. ಮಾಮೂಲಿ ತೆರಿಗೆ ಪೂರ್ತಿ ಇರಲಿ, ವಿಶೇಷ ತೆರಿಗೆ ಬೇಡ. ವಿಡಿಯೊ ಏರಿಸುವವರ, ಅದರಲ್ಲಿ ಕಾಣುವವರ ಗುರುತು, ವಯಸ್ಸು, ಒಪ್ಪಿಗೆಯನ್ನು ತಾಣಗಳು ಮೊದಲೇ ಪರಿಶೀಲಿಸಲಿ. ತೆಗೆಯಿರಿ ಅಂದರೆ ಬೇಗ ತೆಗೆಯಲಿ. ಅಮೆರಿಕದಲ್ಲಿ 2025ರ ಮೇ ತಿಂಗಳಲ್ಲಿ ಬಂದ ಕಾನೂನಿನ ಪ್ರಕಾರ, ಒಪ್ಪಿಗೆ ಇಲ್ಲದೆ ಹಾಕಿದ ಖಾಸಗಿ ಚಿತ್ರದ ಬಗ್ಗೆ ದೂರು ಬಂದ 48 ಗಂಟೆಯೊಳಗೆ ತಾಣ ಅದನ್ನು ತೆಗೆಯಬೇಕು. ಕೃತಕ ಬುದ್ಧಿಮತ್ತೆಯಿಂದ ಮಾಡಿದ ನಕಲಿ ಚಿತ್ರಗಳಿಗೂ ಇದು ಅನ್ವಯ.

ಇದನ್ನೆಲ್ಲ ಕಾಯುವ ಅಧಿಕಾರಿಗಳ ಸಂಬಳಕ್ಕೆ ದುಡ್ಡು ಎಲ್ಲಿಂದ ಅಂತ ಕೇಳಿದರೆ ಬ್ರಿಟನ್ ಒಂದು ದಾರಿ ತೋರಿಸಿದೆ. ಅಲ್ಲಿನ ಆನ್‌ಲೈನ್ ಸುರಕ್ಷತಾ ಕಾನೂನಿನ ಮೇಲ್ವಿಚಾರಕ ಸಂಸ್ಥೆ ಆಫ್‌ಕಾಮ್. ಜಗತ್ತಿನಾದ್ಯಂತ ಸೇರಿ ವರ್ಷಕ್ಕೆ 25 ಕೋಟಿ ಪೌಂಡ್ ಮುಟ್ಟುವ ಆದಾಯ ಇರುವ ಕಂಪನಿಗಳಿಂದ ಅದು ಶುಲ್ಕ ವಸೂಲಿ ಮಾಡಿ ತನ್ನ ಖರ್ಚು ತೂಗಿಸಿಕೊಳ್ಳುತ್ತದೆ. ಕಾನೂನು ಮುರಿದವರಿಗೆ ದಂಡ ಬೇರೆ, 1.8 ಕೋಟಿ ಪೌಂಡ್ ಅಥವಾ ಜಾಗತಿಕ ಆದಾಯದ 10%, ಎರಡರಲ್ಲಿ ಯಾವುದು ಜಾಸ್ತಿಯೋ ಅಲ್ಲಿಯವರೆಗೆ. ಶುಲ್ಕ ಬೀಳುವುದು ಕಂಪನಿ ಎಷ್ಟು ದೊಡ್ಡದು ಅನ್ನುವುದರ ಮೇಲೆ, ದಂಡ ಬೀಳುವುದು ಅದು ಏನು ತಪ್ಪು ಮಾಡಿತು ಅನ್ನುವುದರ ಮೇಲೆ. ಸೋಷಿಯಲ್ ಮೀಡಿಯಾ ಕಂಪನಿಗೂ ಅದೇ ಅಳತೆ, ಪೋರ್ನ್ ತಾಣಕ್ಕೂ ಅದೇ.